ಪದ್ಮಕ್ಕನ ಕನೆಕ್ಷನ್ ಸರಿಮಾಡಿದ್ದು

ನನ್ನ ಕೈಚೀಲದ ಸಣ್ಣ ಜೇಬಿನಲ್ಲಿ ನೆಟ್ಟಗೆ ಮಾಡಿದ ಒಂದು ಹೇರ್‌ಪಿನ್ನು ಸದಾ ಇರುತ್ತದೆ. ಮೊನ್ನೆ ಬಸ್ಸಿನಲ್ಲಿ ಕರ್ಚೀಫು ಹುಡುಕುವಾಗ ಬೆರಳಿಗೆ ಚುಚ್ಚಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನು ನೋಡಿ, "ನೆಟ್ಟಗಾಗೋಗಿದ್ಯಲ್ಲಕ್ಕ, ಎಸೀಬಾರ್ದಾ?" ಅಂದಳು. "ಇದು ತಲೆಗಲ್ಲ ಕಣಮ್ಮ, ರೌಟರ್‌ಗೆ" ಅಂದೆ. ಆಕೆ ನನ್ನ ತಲೆಯನ್ನು ಒಂದು ಸಲ ಚೆನ್ನಾಗಿ ನೋಡಿ ಕಿಟಕಿಯ ಕಡೆ ತಿರುಗಿಕೊಂಡಳು.

ಆಕೆಯದೇನೂ ತಪ್ಪಿಲ್ಲ. ಹಾಸನದ ಕಾಲೇಜೊಂದರ ಲೈಬ್ರರಿಯಲ್ಲಿ ದಿನವಿಡೀ "ಸದ್ದು ಮಾಡಬೇಡಿ" ಎಂದು ಹುಡುಗರ ಬಾಯಿ ಮುಚ್ಚಿಸುವ ನಲವತ್ತಾರು ವರ್ಷದ ಹೆಂಗಸು, ಸಂಜೆ ಆರೂವರೆಗೆ ಮನೆಯಲ್ಲಿ ಟಿ.ವಿ. ಮುಂದೆ ಚಕ್ಕಂಬಕ್ಕಲ ಹಾಕಿ ಕೂತು ಆನ್‌ಲೈನಿನಲ್ಲಿ ಕಾರ್ ರೇಸ್ ಆಡುತ್ತಾಳೆ ಅಂದರೆ ನಂಬುವವರು ಯಾರು? ನಿಜವಾದ ಕಾರು ನನಗೆ ಓಡಿಸಲು ಬರುವುದಿಲ್ಲ. ಕಲಿಯಲು ಹೋಗಿದ್ದೆ. ಎರಡನೆಯ ದಿನಕ್ಕೇ ಕಲಿಸುವವರು ಬೆವರು ಒರೆಸಿಕೊಂಡು, "ಒಂದಷ್ಟು ದಿನ ಬಿಟ್ಟು ಬನ್ನಿ ಮೇಡಂ" ಅಂದರು. ಆ ಒಂದಷ್ಟು ದಿನ ಇನ್ನೂ ಮುಗಿದಿಲ್ಲ.

ಗೇಮಿನ ಪೆಟ್ಟಿಗೆ ನನ್ನ ಮಗಳು ಶ್ರುತಿಯದು. ಅವಳು ಎರಡನೇ ಪಿ.ಯು.ಸಿ.ಗೆ ಬಂದಾಗ, ಓದು ಕೆಡುತ್ತದೆ ಎಂದು ನಾನೇ ಕಿತ್ತುಕೊಂಡು ಬೀರುವಿನ ಮೇಲಿಟ್ಟೆ. ಅವಳು ಎರಡು ದಿನ ಮುಖ ಊದಿಸಿಕೊಂಡು, ಆಮೇಲೆ ಸುಮ್ಮನಾದಳು. ಮೂರು ತಿಂಗಳಾದ ಮೇಲೆ ನಾನೇ ಸ್ಟೂಲು ಹಾಕಿಕೊಂಡು ಅದನ್ನು ಇಳಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಿನ್ನ ಪರೀಕ್ಷೆ ಯಾವಾಗಮ್ಮ?" ಅಂತ ಒಂದೇ ಮಾತು ಕೇಳಿದಳು. ನಾನು ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸತೊಡಗಿದೆ.

ಇಳಿಸಿದ್ದು ಪದ್ಮಕ್ಕನಿಗೋಸ್ಕರ. ಪದ್ಮಕ್ಕ ನನ್ನ ದೊಡ್ಡಮ್ಮನ ಮಗಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ನನಗೂ ತಮ್ಮ ಧರಣಿಗೂ ಬೇಸಿಗೆ ರಜೆ ಅಂದರೆ ಚನ್ನರಾಯಪಟ್ಟಣದ ದೊಡ್ಡಮ್ಮನ ಮನೆ. ದೊಡ್ಡಪ್ಪನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಮನೆಯ ಹಜಾರದಲ್ಲೂ ಮಾರದೆ ಉಳಿದ ಕೊಳಗ, ತಪ್ಪಲೆಗಳು ಒಂದರೊಳಗೊಂದು ಕೂತಿರುತ್ತಿದ್ದವು. ಒಂದು ವರ್ಷ ದೊಡ್ಡಪ್ಪ ಪದ್ಮಕ್ಕನಿಗೆ ಟಿ.ವಿ. ಗೇಮ್ ತಂದುಕೊಟ್ಟರು. ಬೂದು ಬಣ್ಣದ ಡಬ್ಬ, ಅದರ ಬೆನ್ನಿಗೆ ಸಿಕ್ಕಿಸುವ ಹಳದಿ ಕ್ಯಾಸೆಟ್ಟು, ಎರಡೇ ಎರಡು ರಿಮೋಟು. ಮಕ್ಕಳು ಮೂವರು. ಒಬ್ಬರು ಯಾವಾಗಲೂ ಗೋಡೆಗೊರಗಿ ತಮ್ಮ ಪಾಳಿ ಕಾಯಬೇಕು. ಚಿಕ್ಕವನೆಂದು ಹೆಚ್ಚು ಹೊತ್ತು ಕಾಯುತ್ತಿದ್ದವನು ಧರಣಿ. ಅವನು ಕಾದೂ ಕಾದೂ ಹಲ್ಲಿಯ ಹಾಗೆ ಆ ಗೋಡೆಗೆ ಅಂಟಿಕೊಂಡುಬಿಟ್ಟಿದ್ದ.

ಆಗಲೂ ಕನೆಕ್ಷನ್ನಿನ ತೊಂದರೆ ಇದ್ದೇ ಇತ್ತು. ಹಾಕಿದ ಕ್ಯಾಸೆಟ್ಟು ಹಿಡಿಯದೆ ಟಿ.ವಿ. ತುಂಬ ಬಣ್ಣದ ಚೌಕಗಳು ಬರುತ್ತಿದ್ದವು. ಅದಕ್ಕೆ ಒಬ್ಬೊಬ್ಬರದು ಒಂದೊಂದು ವೈದ್ಯ. ನಾನು ಕ್ಯಾಸೆಟ್ಟನ್ನು ಲಂಗದ ತುದಿಯಿಂದ ಒರೆಸುತ್ತಿದ್ದೆ. ಧರಣಿ ಅದರ ಬಾಯಿಗೆ ಬಾಯಿಟ್ಟು ಊದುತ್ತಿದ್ದ. ಗಾಳಿಗಿಂತ ಉಗುಳೇ ಜಾಸ್ತಿ. ಪದ್ಮಕ್ಕ ಅದನ್ನು ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ, ಬಸದಿಯಲ್ಲಿ ನಿಂತವಳ ಹಾಗೆ ಣಮೋಕಾರ ಮಂತ್ರವನ್ನು ಮೂರು ಸಲ ಹೇಳಿ ಸಿಕ್ಕಿಸುತ್ತಿದ್ದಳು. ಹಿಡಿದುಬಿಡುತ್ತಿತ್ತು! ಅಡುಗೆಮನೆಯಿಂದ ದೊಡ್ಡಮ್ಮ, "ಅದುಕ್ಕೂ ಮಂತ್ರ ಹೇಳ್ತೀಯೇನೇ, ಪಾಪ ಬರುತ್ತೆ" ಎಂದು ಕೂಗುತ್ತಿದ್ದರು. "ಬಂದ್ರೆ ಬರ್ಲಿ, ಗೇಮ್ ಬಂತಲ್ಲ" ಎಂದು ಪದ್ಮಕ್ಕ ಇಲ್ಲಿಂದ ಕೂಗುತ್ತಿದ್ದಳು.

ಅವಳು ಕೂಗಿದರೆ ಹಜಾರದ ಪಾತ್ರೆಗಳು ಒಂದು ಗಳಿಗೆ ಗುಂಯ್ ಅನ್ನುತ್ತಿದ್ದವು. ಇದು ಉತ್ಪ್ರೇಕ್ಷೆಯಲ್ಲ. ನಾವು ಮೂವರೂ ಕೊಳಗಕ್ಕೆ ಕಿವಿಯಿಟ್ಟು ಪರೀಕ್ಷೆ ಮಾಡಿದ್ದೆವು. ಮುಂದೆ ಅವಳು ಅರಕಲಗೂಡಿಗೆ ಮದುವೆಯಾಗಿ ಹೋಗಿ, ಅಲ್ಲೇ ಪ್ರೈಮರಿ ಶಾಲೆಯ ಟೀಚರಾದಳು. ಅವಳು ಒಂದನೇ ಕ್ಲಾಸಿಗೆ ಮಗ್ಗಿ ಹೇಳಿಕೊಟ್ಟರೆ ಪಕ್ಕದ ಎರಡನೇ ಕ್ಲಾಸಿನವರು ಪುಕ್ಕಟೆ ಕಲಿತುಬಿಡುತ್ತಿದ್ದರಂತೆ.

ಕಳೆದ ವರ್ಷ ಅವಳಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಕೆಟ್ಟದ್ದೇನೂ ಅಲ್ಲ ಎಂದೂ ಗೊತ್ತಾಯಿತು. ಆದರೆ ಎಚ್ಚರವಾಗಿ ಬಾಯಿ ತೆರೆದರೆ ದನಿ ಇಲ್ಲ. ಗಂಟಲಿನ ಒಂದು ನರ ಸೋತಿದೆ, ಆರು ತಿಂಗಳಲ್ಲಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಉಳಿದದ್ದು ಬರೀ ಪಿಸುದನಿ. ಫ್ಯಾನ್ ಹಾಕಿದರೆ ಅದೂ ಕೇಳುತ್ತಿರಲಿಲ್ಲ. ಅವಳು ಶಾಲೆಗೆ ರಜೆ ಹಾಕಿದಳು. ಫೋನ್ ಎತ್ತುವುದು ಬಿಟ್ಟಳು. ಗಂಡ ಅಜಿತ ಭಾವನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದಳು. ಭಾವ ಒಮ್ಮೆ ಫೋನಿನಲ್ಲಿ, "ಈ ಮನೇಲಿ ಈಗ ನನ್ ಸದ್ದೇ ಜಾಸ್ತಿ ಕಣಮ್ಮ ಸುಮತಿ. ನನಗೇ ಒಂಥರಾ ಭಯ ಆಗುತ್ತೆ" ಅಂದರು. ಇಪ್ಪತ್ತಾರು ವರ್ಷದಲ್ಲಿ ಅವರು ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮೂವರೂ ಸೇರಿ ಆಡೋಣ ಅನ್ನುವುದು ಧರಣಿಯ ಯೋಚನೆ. ಅವನು ಹೊಳೆನರಸೀಪುರದಲ್ಲಿ ಫಿಸಿಕ್ಸ್ ಲೆಕ್ಚರರ್. ಮದುವೆ ಆಗಿಲ್ಲ, ಗೇಮು ಬಿಟ್ಟಿಲ್ಲ. "ಅಕ್ಕಾ, ಅಲ್ಲಿ ಮಾತಾಡಲೇಬೇಕು ಅಂತೇನಿಲ್ಲ. ಸುಮ್ನೆ ಜೊತೇಲಿ ಕಾರ್ ಓಡಿಸಿದ್ರೆ ಆಯ್ತು. ಅವಳಿಗೆ ಜೊತೆ ಸಿಕ್ಕಂಗಾಗುತ್ತೆ" ಅಂದ. ಭಾವ ಎರಡನೇ ಮಾತಾಡದೆ ಹಾಸನಕ್ಕೆ ಬಂದು, ಧರಣಿ ಬರೆದುಕೊಟ್ಟ ಚೀಟಿ ತೋರಿಸಿ, ಪೆಟ್ಟಿಗೆ, ತಲೆಗೆ ಹಾಕುವ ಮೈಕು ಎಲ್ಲ ತೆಗೆದುಕೊಂಡು ಹೋದರು.

ಮೊದಲು ಕೈಕೊಟ್ಟಿದ್ದು ನನ್ನ ಮನೆಯ ಕನೆಕ್ಷನ್ನೇ. ರೇಸ್ ಶುರುವಾಗಿ ಎರಡು ತಿರುವು ದಾಟುವಷ್ಟರಲ್ಲಿ ನನ್ನ ಕಾರು ನಿಂತಲ್ಲೇ ನಡುಗಿ, ಆಮೇಲೆ ಮಂಗನ ಹಾಗೆ ಎಗರಿ ಎಲ್ಲೋ ಹೊಲದಲ್ಲಿ ಬೀಳುತ್ತಿತ್ತು. ಸಂಪರ್ಕ ಕಡಿದಿದೆ ಎಂದು ಪರದೆ ಹೇಳುತ್ತಿತ್ತು. ನಾನು ಒಂದು ವಾರ ವೀಡಿಯೊ ನೋಡಿದೆ. ವೈರು ಕಿತ್ತು ಹಾಕಿದೆ. ರೌಟರಿನ ಬೆನ್ನಲ್ಲಿರುವ ಸೂಜಿತೂತಿಗೆ ತಲೆಯ ಪಿನ್ನು ನೆಟ್ಟಗೆ ಮಾಡಿ ಚುಚ್ಚಿ ಹತ್ತು ಎಣಿಸುವುದು ಕಲಿತೆ. ಹಾಗೆ ಚುಚ್ಚಿದರೆ ಅದು ತನ್ನ ಹಿಂದಿನದೆಲ್ಲ ಮರೆತು ಹೊಸದಾಗುತ್ತದೆ. ಪೂರ್ತಿ ಮರೆತು, ಮನೆಮಂದಿಯ ಫೋನುಗಳನ್ನೆಲ್ಲ ಹೊರಗೆ ಹಾಕಿತು. ಆದರೂ ಕಾರು ಹೊಲಕ್ಕೇ ಹೋಗುತ್ತಿತ್ತು. ಕೊನೆಗೆ ಧರಣಿ, "ರೌಟರ್ ಇಟ್ಟಿರೋ ಜಾಗದ್ದು ಒಂದು ಫೋಟೋ ಕಳ್ಸು" ಅಂದ. ಕಳಿಸಿದೆ. ಅದಿದ್ದದ್ದು ದೊಡ್ಡಪ್ಪ ನನ್ನ ಮದುವೆಗೆ ಕೊಟ್ಟ ಸ್ಟೀಲು, ಹಿತ್ತಾಳೆ ಪಾತ್ರೆಗಳ ಷೋಕೇಸಿನಲ್ಲಿ, ದೊಡ್ಡದೊಂದು ಕೊಳಗದ ಹಿಂದೆ. ಕಣ್ಣಿಗೆ ಕಾಣದಿರಲಿ, ಚೆನ್ನಾಗಿರಲಿ ಅಂತ ನಾನೇ ಅಲ್ಲಿಟ್ಟಿದ್ದೆ. "ಅಕ್ಕಾ, ಲೋಹದ ಮಧ್ಯೆ ಸಿಗ್ನಲ್ ಹೆಂಗೆ ಬರುತ್ತೆ? ಕೋಟೆ ಕಟ್ಟಿದೀಯಲ್ಲ!" ಎಂದು ಫಿಸಿಕ್ಸ್ ಲೆಕ್ಚರರು ಅರ್ಧ ಗಂಟೆ ಪಾಠ ಮಾಡಿದ.

ರೌಟರನ್ನು ಷೋಕೇಸಿನಿಂದ ಹೊರಗೆ ತೆಗೆದಿಟ್ಟೆ. ಅಲ್ಲಿಂದ ಆಟ ಚೆನ್ನಾಗಿ ಸಾಗಿತು. ನಾವು ಜೈನರು, ನಮ್ಮಲ್ಲಿ ಬೆಳಕಿರುವಾಗಲೇ ಸಂಜೆಯ ಊಟ ಮುಗಿಸುವ ರೂಢಿ. ಊಟ ಮುಗಿಸಿದ ಮೇಲೆ ಸಂಜೆ ಉದ್ದವಾಗಿ ಉಳಿದಿರುತ್ತದೆ. ಆರೂವರೆಗೆ ಹಾಸನದಿಂದ ನಾನು, ಹೊಳೆನರಸೀಪುರದಿಂದ ಅವನು, ಅರಕಲಗೂಡಿನಿಂದ ಅವಳು. ಪದ್ಮಕ್ಕನ ಹಳದಿ ಕಾರು ನಮ್ಮಿಬ್ಬರನ್ನೂ ಸರಿಸಿ ಮುಂದೆ ಹೋಗುವುದನ್ನು ನೋಡಿದರೆ, ಎಷ್ಟೋ ವರ್ಷದ ಮೇಲೆ ಹಜಾರದ ತಣ್ಣನೆಯ ರೆಡ್ ಆಕ್ಸೈಡ್ ನೆಲ ಕಾಲಿಗೆ ತಾಗಿದ ಹಾಗಾಗುತ್ತಿತ್ತು. ಮೂವರ ಕೈಯಲ್ಲೂ ರಿಮೋಟು. ಯಾರೂ ಗೋಡೆಗೊರಗಿ ಕಾಯಬೇಕಿಲ್ಲ.

ಪದ್ಮಕ್ಕ ಮಾತ್ರ ಮಾತಾಡುತ್ತಿರಲಿಲ್ಲ. ಪರದೆಯಲ್ಲಿ ಅವಳ ಹೆಸರಿನ ಪಕ್ಕ ಮೈಕಿನ ಚಿತ್ರ, ಅದರ ಮೇಲೊಂದು ಅಡ್ಡಗೆರೆ. "ಮೈಕ್ ಆಫ್ ಮಾಡ್ಕೊಂಡಿದಾಳೆ" ಅಂದ ಧರಣಿ. "ಕೇಳ್ಬೇಡ, ಬೇಜಾರು ಮಾಡ್ಕೊಂತಾಳೆ" ಅಂದೆ ನಾನು. ಅವಳ ಗಂಟಲಿನ ಸುದ್ದಿಯನ್ನೇ ಎತ್ತಬಾರದು ಎಂದು ಇಬ್ಬರೂ ಮಾತಾಡಿಕೊಂಡೆವು. ಬದಲಿಗೆ, ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ನಾವಿಬ್ಬರೇ ಜೋರುಜೋರಾಗಿ ತಮಾಷೆ ಮಾಡಿ ನಗುತ್ತಿದ್ದೆವು. ರೋಗಿಯ ಮಂಚದ ಪಕ್ಕ ಕೂತವರು ನಗುತ್ತಾರಲ್ಲ, ಹಾಗೆ.

ಮೂರು ವಾರ ಕಳೆದ ಮೇಲೆ ಪದ್ಮಕ್ಕ ಬರುವುದು ನಿಂತುಹೋಯಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಮೆಸೇಜು ಹಾಕಿದರೆ ಒಂದೇ ಸಾಲಿನ ಉತ್ತರ: "ಕನೆಕ್ಷನ್ ಸರಿ ಇಲ್ಲ." ರೌಟರಿನ ದೀಪ ಉರಿಯುತ್ತಾ ಎಂದು ಕೇಳಿದೆ. ಉತ್ತರವಿಲ್ಲ. ನನಗೋ ಆಗ ತಾನೇ ಕಲಿತ ವಿದ್ಯೆ, ಕೈ ಕಡಿಯುತ್ತಿತ್ತು. ಭಾನುವಾರ ಬೆಳಿಗ್ಗೆ ಪಿನ್ನು ಚೀಲಕ್ಕೆ ಹಾಕಿಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ. ಧರಣಿ ತನ್ನ ಮನೆಯಲ್ಲೇ ಕೂತು ಆ ಕಡೆಯಿಂದ ಪರೀಕ್ಷೆ ಮಾಡುವುದೆಂದು ಮಾತಾಗಿತ್ತು. ಗೊರೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಆಲೂಗೆಡ್ಡೆ ಹೊಲಗಳು. ನಾನು ಮನಸ್ಸಿನಲ್ಲೇ ವೈರು ಕಿತ್ತು ಹಾಕುತ್ತಾ ಕೂತಿದ್ದೆ.

ಪದ್ಮಕ್ಕ ಬಾಗಿಲು ತೆಗೆದಳು. ನಕ್ಕಳು, ಆದರೆ ಕಣ್ಣು ನಗಲಿಲ್ಲ. ಅವಲಕ್ಕಿ ಕೊಟ್ಟಳು, ಕಾಫಿ ಕೊಟ್ಟಳು, ಅಡುಗೆಮನೆಗೆ ಹೋಗಿ ಆಗಲೇ ತೊಳೆದಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದಳು. "ಏನಾಗಿದೆ ಅಕ್ಕ?" ಅಂದರೆ ಕೈಯಲ್ಲೇ "ಏನಿಲ್ಲ" ಅಂದಳು. ನಾನು, ಕಾಯಿಲೆಯವರ ಮನಸ್ಸು ಹೀಗೇ ಇರುತ್ತದೆ ಎಂದುಕೊಂಡು ರೌಟರು ಹುಡುಕಿಕೊಂಡು ಹೊರಟೆ.

ಒಂದಲ್ಲ, ಎರಡಿದ್ದವು. ಕೇಬಲ್ ಹಾಕಿದವರು ಕೂರಿಸಿದ್ದು ಕೆಳಗೆ ಬಾಗಿಲ ಹತ್ತಿರ ಒಂದು. ಟಿ.ವಿ. ಇರುವ ಮಹಡಿಗೆ ಸಿಗ್ನಲ್ ಬರುವುದಿಲ್ಲವೆಂದು ಭಾವ ತಂದು ಅದಕ್ಕೆ ಜೋಡಿಸಿದ್ದು ಇನ್ನೊಂದು. ಮಹಡಿಯಲ್ಲಿ ಗೇಮ್ ಹಾಕಿ ನೆಟ್‌ವರ್ಕ್ ಪರೀಕ್ಷೆ ಮಾಡಿದೆ. ಇಂಟರ್ನೆಟ್ ಇದೆ ಅಂದಿತು. ಅದರ ಕೆಳಗೆ, "ನ್ಯಾಟ್: ಸ್ಟ್ರಿಕ್ಟ್" ಅಂದಿತು. ಅದನ್ನು ನಾನು ವೀಡಿಯೊಗಳಲ್ಲಿ ಕೇಳಿದ್ದೆ, ಅರ್ಥವಾಗಿರಲಿಲ್ಲ. ಭಾವ ಕೇಬಲ್ಲಿನ ಪುಟ್ಟಸ್ವಾಮಿಯನ್ನು ಕರೆಸಿದರು. ಐವತ್ತು ದಾಟಿದ ಮನುಷ್ಯ, ಹೆಗಲಿಗೆ ಸುತ್ತಿದ ವೈರು, ಕಿವಿಗೆ ಸಿಕ್ಕಿಸಿದ ಟೆಸ್ಟರು. ಮೇಲೊಂದು ಸಲ ಕೆಳಗೊಂದು ಸಲ ನೋಡಿ ಹೇಳಿಬಿಟ್ಟ:

"ಲೈನ್ ಸರ್ಯಾಗೇ ಅದೆ ಸಾ. ಮನೆಗೆ ಎರಡು ಬಾಗ್ಲು ಮಾಡ್ಕಂಡಿದೀರ. ಒಳಗಿನೋರು ಆಚೆ ಓಗ್ಬೋದು. ಆಚೆಯೋರು ಬಂದು ಮೊದಲ್ನೇ ಬಾಗ್ಲು ತಟ್ಟಿದ್ರೆ, ಒಳಗಡೆ ಬಾಗ್ಲಿಗೆ ಕೇಳ್ಸದೇ ಇಲ್ಲ."

"ಮತ್ತೆ ಆಟ ನಡೀತಿತ್ತಲ್ಲ?" ಅಂದೆ.

"ಆಟ ಕಂಪ್ನಿಯೋರ ಮೂಲಕ ಬತ್ತದೆ ಮೇಡಂ, ಅದು ಎಂಗೋ ನಡೀತದೆ. ಮಾತು ಅಂಗಲ್ಲ. ಮಾತು ಮನೆಯಿಂದ ಮನೆಗೆ ನೇರ ಓಗ್ಬೇಕು, ಎರಡು ಕಡೆ ಬಾಗ್ಲೂ ತೆಗ್ದಿದ್ರೇನೇ ಓಗಾದು ಬರಾದು. ಅದು ಇಲ್ಲಿಗೆ ಬಂದು ನಿಂತ್ಬುಡ್ತದೆ ಅಷ್ಟೇಯಾ."

ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ಗಮನವೆಲ್ಲ ಮುಂದಿನ ಕೆಲಸದ ಮೇಲಿತ್ತು. ಎರಡನೇ ರೌಟರು ತಾನೊಂದು ಬಾಗಿಲಾಗದೆ, ಸಿಗ್ನಲ್ ಮುಂದೆ ಸಾಗಿಸುವಷ್ಟೇ ಮಾಡಬೇಕು. ಹಾಗೆ ಬದಲಾಯಿಸಲು ಅದರ ಪಾಸ್‌ವರ್ಡ್ ಬೇಕು. ಭಾವನಿಗೆ ಮರೆತಿತ್ತು. ಪುಟ್ಟಸ್ವಾಮಿ ಜೇಬು ತಡವುವಷ್ಟರಲ್ಲಿ ನಾನು ಚೀಲದಿಂದ ಪಿನ್ನು ತೆಗೆದೆ. "ಅಬ್ಬಬ್ಬಾ, ಮೇಡಂ ರೆಡಿಯಾಗೇ ಬಂದವ್ರೆ" ಅಂದ. ಆ ಹೊಗಳಿಕೆಗೆ ನಾನು ಎಷ್ಟು ಉಬ್ಬಿದೆನೆಂದರೆ, ಹತ್ತು ಎಣಿಸುವ ಬದಲು ಇಪ್ಪತ್ತು ಎಣಿಸಿದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಪುಟ್ಟಸ್ವಾಮಿ ಕಾಫಿ ಕುಡಿದು ಹೋದ. ಮತ್ತೆ ಪರೀಕ್ಷೆ ಮಾಡಿದರೆ "ಸ್ಟ್ರಿಕ್ಟ್" ಹೋಗಿತ್ತು.

ನಾನು ಪದ್ಮಕ್ಕನ ಮೈಕನ್ನು ತಲೆಗೆ ಹಾಕಿಕೊಂಡು ಧರಣಿಯನ್ನು ಕರೆದೆ. ಅವನ ದನಿ ಕಿವಿಯೊಳಗೇ ಕೂತು ಮಾತಾಡಿದ ಹಾಗೆ ಬಂತು. "ಅಕ್ಕಾ, ಸಖತ್ತಾಗಿ ಕೇಳಿಸ್ತಿದೆ! ಈಗ ಆ ಅಡ್ಡಗೆರೆ ಹೋಗಿದೆ ನೋಡು!"

ಬಾಗಿಲಲ್ಲಿ ಪದ್ಮಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. "ಬಾರಕ್ಕ, ಧರಣಿ ಮಾತಾಡ್ತಿದಾನೆ" ಅಂದೆ.

ಅವಳು ಹತ್ತಿರ ಬಂದು ಕೂತಳು. ಪಿಸುದನಿಯಲ್ಲಿ, ಒಂದೊಂದೇ ಮಾತು ಹೇಳಿದಳು. "ಮೂರು ವಾರ ನನ್ ಜೊತೆ ಇಬ್ರೂ ಒಂದು ಮಾತಾಡ್ಲಿಲ್ಲ. ಈಗೇನಂತೆ?"

"ನಾವು ಮಾತಾಡ್ತಿದ್ವಲ್ಲಕ್ಕ! ನೀನೇ ಮೈಕ್ ಆಫ್ ಮಾಡ್ಕೊಂಡಿದ್ದೆ."

"ಇಲ್ಲ."

"ಮತ್ತೆ?"

"ದಿನಾ ಮಾತಾಡ್ತಿದ್ದೆ."

ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಮೆಟ್ಟಿಲ ಮೇಲೆ ನಿಂತಿದ್ದ ಭಾವ ಬಾಯಿಬಿಟ್ಟಾಗ. "ಹೌದು ಕಣಮ್ಮ. ಮೈಕು ಬಾಯಿ ಹತ್ರಾನೇ ಇರುತ್ತೆ, ಜೋರಾಗಿ ಮಾತಾಡೋ ಹಂಗಿಲ್ಲ ಅಂತ ಖುಷಿ ಅವಳಿಗೆ. ಆಪರೇಷನ್ ಆದ್ಮೇಲೆ ಬಾಯ್ತುಂಬ ಮಾತಾಡಿದ್ದು ಅಲ್ಲೇ. ನಾನು ಇದೇ ಮೆಟ್ಲ ಮೇಲೆ ಕೂತ್ಕೊಂಡು ಕೇಳಿಸ್ಕೊಂತಿದ್ದೆ. ನೀವು ಉತ್ರ ಕೊಡ್ತಿದೀರಿ, ಅದು ಅವಳ ಕಿವಿಗೆ ಬೀಳ್ತಿದೆ ಅನ್ಕೊಂಡಿದ್ದೆ."

ಅವಳ ಮಾತು ನಮಗೆ ಬಂದಿರಲಿಲ್ಲ. ನಮ್ಮ ಮಾತು ಅವಳಿಗೆ ಹೋಗಿರಲಿಲ್ಲ. ಎರಡೂ ಆ ಬಾಗಿಲ ಹತ್ತಿರದ ಡಬ್ಬದಲ್ಲಿ ನಿಂತು ಹಿಂದಕ್ಕೆ ಹೋಗಿದ್ದವು. ಅವಳು, ತನ್ನ ಈ ದನಿ ಕೇಳಿ ಸಹಿಸಲಾರದೆ ಇವರಿಬ್ಬರೂ ಸುಮ್ಮನಾಗಿದ್ದಾರೆ ಎಂದುಕೊಂಡಳು. ಒಂದು ವಾರ ಕಾದಳು, ಎರಡು ವಾರ ಕಾದಳು, ಮೂರನೇ ವಾರಕ್ಕೆ ಬಿಟ್ಟಳು. ನಾವು ಒಂದು ಮೆಸೇಜಿನಲ್ಲಿ "ಯಾಕಕ್ಕ ಮಾತಾಡಲ್ಲ?" ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಅವಳಿಗೆ ನೋವಾಗಬಾರದೆಂದು ನಾನೇ ಧರಣಿಗೆ ಬಾಯಿ ಮುಚ್ಚಿಸಿದ್ದೆ. ಅದು ನನಗೆ ಅಭ್ಯಾಸವಾದ ಕೆಲಸ, ಬಹಳ ಚೆನ್ನಾಗಿ ಮಾಡಿದ್ದೆ.

"ಅಕ್ಕ, ನಮಗೆ ಒಂದಕ್ಷರಾನೂ ಕೇಳಿಸಿಲ್ಲ. ನಿನ್ನಾಣೆಗೂ" ಅಂದೆ. ಅವಳು ನನ್ನನ್ನೇ ನೋಡಿದಳು. ಕಿವಿಯಲ್ಲಿ ಧರಣಿ, "ಏನಾಯ್ತು, ಯಾಕೆ ಸುಮ್ನಾದ್ರಿ?" ಅನ್ನುತ್ತಿದ್ದ. ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆ ಕುರ್ಚಿ ಸರಿದ ಸದ್ದು. ಪದ್ಮಕ್ಕನಿಗೆ ಮೈಕು ಕೊಡೋಣವೆಂದು ತೆಗೆಯುವಷ್ಟರಲ್ಲಿ ಅವನು ಆಟದಿಂದ ಹೊರಗೆ ಹೋಗಿದ್ದ. ಮತ್ತೆ ಕರೆದರೂ ಬರಲಿಲ್ಲ. "ನೋಡಿದ್ಯಾ" ಎನ್ನುವ ಹಾಗೆ ಪದ್ಮಕ್ಕ ಕೈ ತಿರುಗಿಸಿ, ಎದ್ದು ಕೆಳಗೆ ಹೋದಳು. ನನಗೂ ಅವನ ಮೇಲೆ ಸಿಟ್ಟು ಬಂತು.

ಐದು ಗಂಟೆಯ ಸುಮಾರಿಗೆ, ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ, ಮನೆಯ ಮುಂದೆ ಸ್ಕೂಟರು ನಿಂತಿತು. ಧರಣಿ. ಹೊಳೆನರಸೀಪುರದಿಂದ ನೇರ ಬಂದಿದ್ದ. ಲುಂಗಿ ಬದಲಾಯಿಸಿ ಪ್ಯಾಂಟು ಹಾಕಿದ್ದ, ಮೇಲೆ ಮನೆಯಲ್ಲಿ ಹಾಕುವ ಹಳೇ ಬನಿಯನ್ನೇ ಇತ್ತು. ತಲೆ ತುಂಬ ಧೂಳು. ಅವನು ಯಾರನ್ನೂ ಮಾತಾಡಿಸದೆ ಅಡುಗೆಮನೆಗೆ ಹೋಗಿ, ಫ್ಯಾನ್ ಆರಿಸಿ, ಪದ್ಮಕ್ಕನ ಎದುರು ನೆಲದ ಮೇಲೆ ಕೂತ.

"ಹೇಳು" ಅಂದ.

"ಏನ್ ಹೇಳೋದೋ?"

"ಮೂರು ವಾರ ಮಾತಾಡಿದ್ಯಂತಲ್ಲ. ನಂಗೆ ಕೇಳಿಸಿಲ್ಲ. ಮೊದಲ್ನೇ ದಿನದಿಂದ ಹೇಳು."

"ಮರ್ತೋಗಿದೆ ಹೋಗೋ."

"ಮರ್ತಿಲ್ಲ ನೀನು. ನಾನು ಬೆಳಿಗ್ಗೆ ತನಕ ಇಲ್ಲೇ ಕೂತಿರ್ತೀನಿ. ರಜೆ ಹಾಕ್ಬಂದಿದೀನಿ." ಅದು ಸುಳ್ಳು. ಭಾನುವಾರ ಯಾರಿಗೆ ರಜೆ ಚೀಟಿ ಕೊಟ್ಟುಬರುತ್ತಾನೆ?

ಪದ್ಮಕ್ಕ ಸೌಟು ಕೆಳಗಿಟ್ಟಳು. ಫ್ಯಾನ್ ನಿಂತು ಮನೆ ನಿಶ್ಶಬ್ದವಾಗಿತ್ತು. ಭಾವ ಬಾಗಿಲ ಹತ್ತಿರ ಬಂದು ನಿಂತರು. ನಾವು ಮೂವರೂ ಉಸಿರು ಹಿಡಿದು, ಅವಳ ತುಟಿಯನ್ನೇ ನೋಡುತ್ತಿದ್ದೆವು.

"ಮೊದಲ್ನೇ ದಿನ," ಅಂದಳು, "ನನ್ ದನಿ ಹಿಂಗಾಗಿದೆ, ಗಾಬರಿ ಆಗ್ಬೇಡಿ ಅಂದೆ. ಕೇಳಿಸ್ತಿದ್ರೆ ಒಂದ್ಸಲ ಹಾರ್ನ್ ಮಾಡಿ ಅಂದೆ."

ಆ ಆಟದ ಕಾರುಗಳಿಗೆ ಹಾರ್ನ್ ಇದೆ. ನಾವು ಯಾರೂ ಅದನ್ನು ಒತ್ತುತ್ತಿರಲಿಲ್ಲ.

"ಮಾಡಿದ್ವಾ?" ಎಂದು ಕೇಳಿದ ಧರಣಿ, ಉತ್ತರ ಗೊತ್ತಿದ್ದರೂ.

ಪದ್ಮಕ್ಕ ಇಲ್ಲವೆಂದು ತಲೆಯಾಡಿಸಿದಳು.

ಧರಣಿ ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದು, ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಹಾಗೆ, "ಪೋಂಂಂ" ಎಂದು ಹಾರ್ನ್ ಮಾಡಿದ. ನಲವತ್ತೆರಡು ವರ್ಷದ ಲೆಕ್ಚರರು. ನಾನೂ ಮಾಡಿದೆ. ನಾವಿಬ್ಬರೂ ನಿಲ್ಲಿಸಿದ ಮೇಲೆ ಬಾಗಿಲ ಹತ್ತಿರದಿಂದ, ಬಹಳ ಸಂಕೋಚದಿಂದ, ಭಾವನದೂ ಒಂದು ಬಂತು.

ಪದ್ಮಕ್ಕ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಸದ್ದು ಬರಲಿಲ್ಲ, ಭುಜ ಕುಲುಕುತ್ತಿತ್ತು. ಹಾಗೇ ನಗುತ್ತಾ ಕಣ್ಣು ಒರೆಸಿಕೊಂಡಳು.

"ಸರಿ," ಅಂದ ಧರಣಿ, "ಎರಡನೇ ದಿನದ್ದು ಹೇಳು."